ಒನಕೆ ದೇವರು

ಒಪುಕಿರಿ
೧೪ ಜನವರಿ ೧೯೮೩

ಮಗಳೇ ಬೆಲೆಮಾ,

ನೀನು ಕ್ರಿಸ್ಮಸ್ಸಿಗೆ ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ಬರೆಯಬೇಕು, ಅದು ತಾಯಂದಿರ ವಾಡಿಕೆ. ಆದರೆ ಇಲ್ಲಿ ಕೂರಲು ಜಾಗವಿಲ್ಲ. ನಿನ್ನ ದೊಡ್ಡಪ್ಪ ಡಗೋಗೊ ದಿನಾ ಸಂಜೆ ತಮ್ಮ ಪಟಾಲಮ್ಮನ್ನು ಕಟ್ಟಿಕೊಂಡು ಬರುತ್ತಾರೆ. ತಲೆಯ ಮೇಲೆ ಅದೇ ಹಳೇ ಟೋಪಿ, ಕೈಯಲ್ಲಿ ಹಿತ್ತಾಳೆ ಹಿಡಿಯ ಅದೇ ಕೋಲು. ತಾಳೆಎಣ್ಣೆ ಕೊಳ್ಳಲು ಬಂದ ಬಿಳಿಯರು ಅವರ ಅಜ್ಜನಿಗೆ ಕೊಟ್ಟದ್ದೆಂದು ನನ್ನ ಮದುವೆಯಾದಂದಿನಿಂದ ಹೇಳುತ್ತಿದ್ದಾರೆ. ಹಡಗುಗಟ್ಟಲೆ ಎಣ್ಣೆ ಹೋಗಿ ಒಂದು ಟೋಪಿ, ಒಂದು ಕೋಲು ಬಂತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇದಕ್ಕೆಲ್ಲ ನೀನೇ ಕಾರಣ. ನೆಲದೆಣ್ಣೆ ತೆಗೆಯುವ ಕಂಪನಿಯ ಕೊಳವೆ ಹಾಯುವ ದಾರಿಯಲ್ಲಿ ಮನೆ ಸಿಕ್ಕರೆ ಒಂದು ಪರಿಹಾರ, ಗೋರಿ ಸಿಕ್ಕರೆ ಇನ್ನೊಂದು, ದೇವರ ಗುಡಿ ಸಿಕ್ಕರೆ ಎಲ್ಲಕ್ಕಿಂತ ಹೆಚ್ಚು ಎಂದು ಮೀನಿನ ಮುಳ್ಳು ಬಿಡಿಸುತ್ತ ಹೇಳಿದವಳು ನೀನು. ಕಂಪನಿಯ ಭೂಮಿ ಕಚೇರಿಯಲ್ಲಿ ಕೆಲಸ ಮಾಡುವವಳ ಬಾಯಿಂದ ಬಂದ ಮಾತು, ನಿನ್ನ ದೊಡ್ಡಪ್ಪನ ಕಿವಿ ಆಗಲೇ ನೆಟ್ಟಗಾಗಿತ್ತು. ಈಗ ಹೊಳೆಯ ತಿರುವಿನಲ್ಲಿ, ಉಪ್ಪುನೀರ ಕೆಸರಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳ ನಡುವೆ, ನಮ್ಮ ಮನೆತನಕ್ಕೆ ಒಬ್ಬ ನೀರದೇವರು ಇದ್ದಾನಂತೆ. ನಾನು ಕೇಳಿದೆ, "ಭಾವಾ, ನಾನು ಅರವತ್ತು ವರ್ಷದಿಂದ ಅಲ್ಲೇ ಸಾರಿಗೆ ಶಂಖು ಹೆಕ್ತಿದೀನಿ, ಒಂದು ದಿನಾನೂ ಕಾಣಿಸ್ಲಿಲ್ವಲ್ಲ ಈ ಮಹಾಶಯ?" ಅವರು ಹೇಳಿದರು, "ನೀನು ಬಗ್ಗಿಕೊಂಡು ಕೆಸರು ನೋಡ್ತಿದ್ದೆ ಇಬಿನಾಬೊ. ತಲೆ ಎತ್ತಿದ್ರೆ ತಾನೆ ದೇವರು ಕಾಣೋದು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆತನದ ಹಿರಿಯ ಹೆಂಗಸು ಹೌದೆಂದರೆ ಮಾತ್ರ ಕಂಪನಿಯವರು ನಂಬುತ್ತಾರಂತೆ. ಆ ಹೆಂಗಸು ನಾನು. ನನ್ನ ಪಾಲಿಗೆ ಮದರಾಸಿನ ಚೌಕುಳಿ ಬಟ್ಟೆ, ಒಂದು ಪೆಟ್ಟಿಗೆ ತುಂಬ. ನಾನು ಸತ್ತರೆ ನಮ್ಮ ಪದ್ಧತಿಯಂತೆ ಇಂಥ ಬಟ್ಟೆಯಿಂದ ಮೂರು ಮಂಚ ಸಿಂಗರಿಸಿ ಒಂದರಿಂದ ಇನ್ನೊಂದಕ್ಕೆ ನನ್ನನ್ನು ಮಲಗಿಸಬೇಕು. ನಮ್ಮ ಪೆಟ್ಟಿಗೆಯಲ್ಲಿ ಗೆದ್ದಲು ಬಿಟ್ಟದ್ದು ಒಂದು ಮಂಚಕ್ಕೂ ಸಾಲದು. ನೆಂಟರ ಮನೆಯ ಬಟ್ಟೆ ಎರವಲು ತಂದು ಮಲಗಿಸಿದರು ಎಂದು ಊರು ನಗುವುದನ್ನು ಸತ್ತ ಮೇಲೂ ಕೇಳಿಸಿಕೊಳ್ಳುವ ಕಿವಿ ನನ್ನದು. ಆಗಲಿ ಎಂದುಬಿಟ್ಟೆ. ನಿನಗೇನನ್ನಿಸುತ್ತದೆ, ಬರೆ.

ನಿನ್ನ ತಾಯಿ,
ಇಬಿನಾಬೊ

*

ಪೋರ್ಟ್ ಹಾರ್ಕೋರ್ಟ್
೨ ಫೆಬ್ರವರಿ ೧೯೮೩

ಅಮ್ಮಾ,

ಇಂಥದ್ದನ್ನೆಲ್ಲ ಕಾಗದದಲ್ಲಿ ಬರೆಯಬೇಡ. ಊಟದ ಹೊತ್ತಿನ ಮಾತನ್ನು ದೊಡ್ಡಪ್ಪ ಹೀಗೆ ಹಿಡಿದುಕೊಳ್ಳುತ್ತಾರೆ ಎಂದು ನನಗೇನು ಗೊತ್ತು?

ಮುಂದಿನ ತಿಂಗಳು ನಮ್ಮ ಅಧಿಕಾರಿ ಪ್ರೆಂಟಿಸ್ ಅವರೇ ದಾರಿ ಗುರುತು ಮಾಡಲು ಬರುತ್ತಾರೆ. ಕಚೇರಿಯಲ್ಲಿ ನಮ್ಮ ಮಾತು ಬಲ್ಲವಳು ನಾನೊಬ್ಬಳೇ, ಹಾಗಾಗಿ ದುಭಾಷಿಯಾಗಿ ನಾನೂ ಬರಬೇಕು. ನೀವು ಹೇಳಿದ್ದನ್ನು ಅವರ ಭಾಷೆಗೆ ಹಾಕುವುದು ನನ್ನ ಕೆಲಸ. ಅದರಾಚೆಗೆ ನನಗೇನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕೆಮ್ಮು ಹೇಗಿದೆ? ಲಾಂಚಿನವನ ಕೈಲಿ ಮಾತ್ರೆ ಕಳಿಸಿದ್ದೇನೆ. ಇಲ್ಲಿ ಬಿಸಿಲೋ ಬಿಸಿಲು. ಹೋದ ತಿಂಗಳು ಇನ್ನೊಂದು ದ್ವೀಪದಲ್ಲಿ ಜನ ಹಸಿಮರ ನೆಟ್ಟು ಇದೇ ನಮ್ಮ ಪುರಾತನ ದೇವರು ಎಂದರಂತೆ. ಪ್ರೆಂಟಿಸ್ ಉಗುರಿನಿಂದ ಕೆರೆದು ನೋಡಿ ನಕ್ಕುಬಿಟ್ಟರು. ಸುದ್ದಿಯೆಂದು ಬರೆದೆ, ಅಷ್ಟೆ.

ಬೆಲೆಮಾ

*

ಒಪುಕಿರಿ
೨೭ ಮಾರ್ಚ್ ೧೯೮೩

ಮಗಳೇ,

ಅಂದು ನೀನು ಬಂದೆ, ನಿಂತೆ, ಹೋದೆ. ತಾಯಿಯ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ. ಅಧಿಕಾರಿಯ ಜೊತೆ ಬಂದವಳು ಹಾಗೆಲ್ಲ ಕೂರುವಂತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಿನ್ನ "ಸುದ್ದಿ" ಓದಿದ ಮೇಲೆ ನನ್ನ ಗೆಣಸು ಕುಟ್ಟುವ ಒನಕೆಯನ್ನು ನಾನೇ ನಿನ್ನ ದೊಡ್ಡಪ್ಪನಿಗೆ ಕೊಟ್ಟೆ. ನಮ್ಮತ್ತೆಯ ಕಾಲದ್ದು. ಹೊಗೆ ಕುಡಿದು, ಎಣ್ಣೆ ಕುಡಿದು ಕಪ್ಪಗಾಗಿದೆ. ಎಷ್ಟು ಕೆರೆದರೂ ಕಪ್ಪೇ. ಅರ್ಧ ಕೆಸರಿಗೆ ಹುಗಿದು, ಬಿಳಿ ಬಟ್ಟೆ ಸುತ್ತಿ, ಕೋಳಿಪುಕ್ಕ ಅಂಟಿಸಿದಾಗ, ಸತ್ಯ ಹೇಳುತ್ತೇನೆ, ನನಗೇ ಒಂದು ಗಳಿಗೆ ಕೈ ಮುಗಿಯಬೇಕೆನ್ನಿಸಿತು.

"ಈ ದೇವರ ಹೆಸರೇನು, ಕೇಳು" ಎಂದರಲ್ಲ ಪ್ರೆಂಟಿಸ್, ಆಗ ನಿನ್ನ ದೊಡ್ಡಪ್ಪನ ಮುಖ ನೋಡಬೇಕಿತ್ತು! ಗುಡಿ ಕಟ್ಟಿದವರಿಗೆ ಹೆಸರಿಡುವುದು ನೆನಪೇ ಇಲ್ಲ. ನಾನು "ಸೊಕುಬಾ" ಎಂದೆ. ಅದು ನಾನು ಚಿಕ್ಕಂದಿನಲ್ಲಿ ಸಾಕಿದ ಕುಂಟು ಆಡಿನ ಹೆಸರು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ನಾಲಗೆಗೆ ಮೂಳೆಯಿಲ್ಲ. ಮಕ್ಕಳಿಲ್ಲದವರಿಗೆ ಮಕ್ಕಳನ್ನು ಕೊಡುವವನು, ಉಪ್ಪುನೀರನ್ನು ಸಿಹಿ ಮಾಡುವವನು ಎಂದೆಲ್ಲ ಹೇಳುತ್ತ ಹೋದೆ. ಬಿಳಿಯ ಮನುಷ್ಯ ಟೋಪಿ ತೆಗೆದು ನನ್ನ ಒನಕೆಯ ಮುಂದೆ ತಲೆ ಬಗ್ಗಿಸಿದ. ಒಳಗೊಳಗೇ ನಗು ಬಂತು.

ನೀನು ಒಂದು ಮಾತನ್ನೂ ಬಿಡದೆ ಹೇಳಿದೆ, ಶಾಲೆಯ ಪಾಠ ಒಪ್ಪಿಸಿದ ಹಾಗೆ. ಆದರೆ ಬಟ್ಟೆ ಗಾಳಿಗೆ ಸರಿದಾಗ ನಿನ್ನ ಕಣ್ಣು ಆ ಸೀಳಿನ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಚಿಕ್ಕವಳಿದ್ದಾಗ ನೀನು ಹೊಸ್ತಿಲ ಮೇಲೆ ಬೀಳಿಸಿ ಆದ ಸೀಳು. ನನ್ನಿಂದ ಏಟು ತಿಂದು ಅತ್ತಿದ್ದೆ. ಈ ಸಲ ನೀನು ತಲೆ ಎತ್ತಲಿಲ್ಲ.

ಅಮ್ಮ

*

ಪೋರ್ಟ್ ಹಾರ್ಕೋರ್ಟ್
೩೦ ಮೇ ೧೯೮೩

ಅಮ್ಮಾ,

ನಿನ್ನ ಕಾಗದವನ್ನು ಓದಿ ಸುಟ್ಟೆ.

ಲೆಕ್ಕ ತಲೆಕೆಳಗಾಗಿದೆ. ಗುಡಿಯನ್ನು ಎತ್ತಿ ಬೇರೆಡೆ ಇಡುತ್ತಾರೆ, ಅದಕ್ಕೆ ಪರಿಹಾರ ಕೊಡುತ್ತಾರೆ ಎಂದು ದೊಡ್ಡಪ್ಪ ಕಾದಿದ್ದರು. ಲಂಡನ್ನಿನ ಮೇಲಿನವರು ಗುಡಿಯನ್ನು ಮುಟ್ಟಬಾರದು ಎಂದಿದ್ದಾರೆ. ಪ್ರೆಂಟಿಸ್ ಎಲ್ಲರನ್ನೂ ಕರೆದು ಭಾಷಣವನ್ನೇ ಮಾಡಿದರು: "ನಮ್ಮ ಅಜ್ಜಂದಿರು ನಿಮ್ಮ ದೇವರುಗಳನ್ನ ಸುಟ್ಟರು. ನಾವು ಆ ತಪ್ಪು ಮಾಡೋದಿಲ್ಲ." ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ನೆಲ ನೋಡುತ್ತ ನಿಂತಿದ್ದೆ.

ಕೊಳವೆ ಈಗ ತಿರುವನ್ನು ಬಳಸಿಕೊಂಡು ಆಚೆ ದಡಕ್ಕೆ, ಕಲಾಮಾದ ತೊರೆಯೊಳಗಿಂದ ಹೋಗುತ್ತದೆ. ಅಲ್ಲಿ ಬರೀ ಮೀನುಗಾರರ ಗುಡಿಸಲು, ಯಾರ ತಕರಾರೂ ಇಲ್ಲವೆಂದು ಬರೆದುಕೊಂಡಿದ್ದಾರೆ. ಆ ತೊರೆ ಒಪುಕಿರಿ ಮನೆತನದ್ದೇ ಎಂದು ದೊಡ್ಡಪ್ಪ ಸಹಿ ಹಾಕಿದ್ದಾರೆ. ಪರಿಹಾರ ಮನೆತನಕ್ಕೆ. ಸೊಕುಬಾನ ಪೂಜೆಗೆ ವರ್ಷಕ್ಕೊಮ್ಮೆ ಕಂಪನಿಯಿಂದ ಆಡು, ಸಾರಾಯಿ, ಬಟ್ಟೆ ಬರುತ್ತದೆ. ನಿನ್ನ ಪೆಟ್ಟಿಗೆ ತುಂಬುತ್ತದೆ.

ನನಗೆ ಬಡ್ತಿಯಾಗಿದೆ. ಇನ್ನು ಮುಂದೆ ಎಲ್ಲ ದ್ವೀಪಗಳ ಆಚಾರ ವಿಚಾರಗಳ ಬಗ್ಗೆ ಕಚೇರಿ ನನ್ನನ್ನೇ ಕೇಳುತ್ತದೆ. ಅಭಿನಂದನೆ ಹೇಳಬೇಡ.

ಬೆಲೆಮಾ

*

ಒಪುಕಿರಿ
೯ ನವೆಂಬರ್ ೧೯೮೩

ಮಗಳೇ,

ಇಷ್ಟು ತಿಂಗಳು ಬರೆಯಲಿಲ್ಲ. ಬಟ್ಟೆ ಬಂತು, ಪೆಟ್ಟಿಗೆ ತುಂಬಿತು, ದಿನಾ ತೆಗೆದು ಮುಟ್ಟಿ ನೋಡಿದೆ. ಬ್ಲೇಡು ಹಿಡಿದು ಒಂದೊಂದೇ ಎಳೆ ಕತ್ತರಿಸಿ ಚಿತ್ತಾರ ತೆಗೆಯಲು ಕೂತೆ. ಮೂರು ಮಂಚಕ್ಕೂ ಆಗಿ ಮಿಗುವಷ್ಟಿದೆ. ಅದೇ ಸಂಭ್ರಮದಲ್ಲಿದ್ದೆ, ನಾಚಿಕೆಗೆಟ್ಟವಳು.

ಕಲಾಮಾದ ಇನೆಬಾ ನಿನಗೆ ನೆನಪಿದ್ದಾಳಲ್ಲ? ನಾನು ಬಾಣಂತಿಯಾಗಿದ್ದಾಗ ನಿನಗೆ ಮೊದಲ ಸ್ನಾನ ಮಾಡಿಸಿದವಳು. ನನ್ನ ಜೊತೆ ಕೆಸರಿಗಿಳಿದು ಶಂಖು ಹೆಕ್ಕಿದವಳು. ಹೋದ ತಿಂಗಳು ಅವಳ ತೊರೆಯಲ್ಲಿ ಕೊಳವೆ ಒಡೆದಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಕಾಂಡ್ಲಾ ಬೇರುಗಳಿಗೆ ಕರಿ ಬಳಿದಂತಾಗಿದೆ. ಶಂಖು ಒಡೆದರೆ ಸೀಮೆಎಣ್ಣೆ ವಾಸನೆ. ತೊರೆಯ ಪಕ್ಕದ ಬಾವಿಯ ನೀರಿಗೂ ಅದೇ ವಾಸನೆ, ಅದನ್ನೇ ಕುಡಿಯುತ್ತಿದ್ದಾರೆ. ಅವಳ ಸೊಸೆಗೆ ಏಳು ತಿಂಗಳ ಬಸಿರು ಇಳಿದುಹೋಯಿತು. ನೀರಿನಿಂದಲೇ ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಇನೆಬಾ ದೋಣಿ ಹುಟ್ಟುಹಾಕಿಕೊಂಡು ಒಬ್ಬಳೇ ಬಂದಳು. ನನ್ನ ಮನೆಗಲ್ಲ, ತಿರುವಿಗೆ. ಸೆರಗಿನಲ್ಲಿ ಮೊಟ್ಟೆ, ಕೈಯಲ್ಲಿ ಸಾರಾಯಿ ಸೀಸೆ. ನಾನು ಅಲ್ಲೇ ಇದ್ದೆ. ಕೆಸರಿನಲ್ಲಿ ಮೊಳಕಾಲೂರಿ ಅವಳು ಕೇಳಿಕೊಂಡಳು, "ಸೊಕುಬಾ, ಉಪ್ಪುನೀರು ಸಿಹಿ ಮಾಡೋನಂತೆ ನೀನು. ನಮ್ಮ ನೀರು ಒಂಚೂರು ತೊಳೆದುಕೊಡಪ್ಪಾ. ನನ್ನ ಸೊಸೆ ಮಡಿಲು ತುಂಬಪ್ಪಾ." ಆಮೇಲೆ ನನ್ನ ಕಡೆ ತಿರುಗಿ, "ಇಬಿನಾಬೊ, ನೀನು ಇವನ ಹತ್ರದವಳು. ನನ್ನ ಪರವಾಗಿ ಒಂದು ಮಾತು ಹೇಳೇ" ಎಂದಳು.

ನನ್ನ ಕುಂಟು ಆಡಿನ ಹೆಸರು ಹಿಡಿದು ಬೇಡುತ್ತಿದ್ದಾಳೆ, ಬೆಲೆಮಾ. ನಾನು ಅವಳ ಪಕ್ಕದಲ್ಲಿ ಮೊಳಕಾಲೂರಿ ನನ್ನ ಒನಕೆಗೆ ಒಂದು ಮಾತು ಹೇಳಿದೆ. ಬೇರೇನು ಮಾಡಲಿ? ಅವಳು ಹೋದ ಮೇಲೆ ನಿನ್ನ ದೊಡ್ಡಪ್ಪನ ಕಡೆಯವರು ಬಂದು ಸಾರಾಯಿಯನ್ನೂ ಮೊಟ್ಟೆಯನ್ನೂ ಎತ್ತಿಕೊಂಡು ಹೋದರು. ಅಂದಿನಿಂದ ಅವಳು ಪ್ರತಿ ವಾರ ಬರುತ್ತಿದ್ದಾಳೆ. ತಿನ್ನಲಿಲ್ಲದ ಮನೆಯಿಂದ ಮೊಟ್ಟೆ ತರುತ್ತಿದ್ದಾಳೆ.

ಕೊಳವೆ ಸರಿಮಾಡಿಸಲು ನಿನ್ನಿಂದ ಏನಾದರೂ ಆಗುತ್ತದೆಯೇ?

ಅಮ್ಮ

*

ಪೋರ್ಟ್ ಹಾರ್ಕೋರ್ಟ್
೪ ಡಿಸೆಂಬರ್ ೧೯೮೩

ಅಮ್ಮಾ,

ಕಲಾಮಾಕ್ಕೆ ಕುಡಿಯುವ ನೀರಿನ ಡ್ರಮ್ಮುಗಳನ್ನು ಕಳಿಸಿದ್ದೇನೆ. ಯಾರು ಕಳಿಸಿದರೆಂದು ಹೇಳಬೇಡ.

ಕಲಾಮಾದವರೇ ಎಣ್ಣೆ ಕದಿಯಲು ಕೊಳವೆ ಕೊಯ್ದರು ಎಂದು ಇಲ್ಲಿ ವರದಿಯಾಗಿದೆ. ಕೊಳವೆಯನ್ನು ಮೊದಲಿನ ನೇರ ದಾರಿಗೇ ತನ್ನಿ ಎಂದು ಅವರು ಅರ್ಜಿ ಕೊಟ್ಟಿದ್ದಾರೆ. ಕಚೇರಿಯ ಉತ್ತರ ಒಂದೇ: ನೇರ ದಾರಿಯಲ್ಲಿ ಪವಿತ್ರ ಸ್ಥಳವಿದೆ. ಆ ಉತ್ತರವನ್ನು ಟೈಪು ಮಾಡಿದವಳು ನಾನು.

ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತು. ದಯವಿಟ್ಟು ಬೇಡಮ್ಮಾ. ನೀನು ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಕೆಲಸವಷ್ಟೇ ಅಲ್ಲ. ತಾಯಿಯ ಒನಕೆಯನ್ನು ದೇವರೆಂದು ಭಾಷಾಂತರ ಮಾಡಿದವಳು ಎಂದು ಈ ಊರೆಲ್ಲ ನನ್ನನ್ನು ಬೆರಳು ಮಾಡಿ ತೋರಿಸುತ್ತದೆ. ದೊಡ್ಡಪ್ಪನನ್ನು ಪೊಲೀಸರು ಎಳೆದೊಯ್ದರೂ ಆಶ್ಚರ್ಯವಿಲ್ಲ. ಮುಂದಿನ ಮಳೆಗಾಲದವರೆಗೆ ಸುಮ್ಮನಿರು. ಮಳೆ ಎಲ್ಲವನ್ನೂ ತೊಳೆಯುತ್ತದೆ.

ಈ ಕೊನೆಯ ಸಾಲು ಬರೆದು ನನಗೇ ಹೇಸಿಗೆಯಾಯಿತು. ಆದರೂ ಹೊಡೆದುಹಾಕುತ್ತಿಲ್ಲ.

ಬೆಲೆಮಾ

*

ಒಪುಕಿರಿ
೧೮ ಫೆಬ್ರವರಿ ೧೯೮೪

ಮಗಳೇ,

ನೀನು ಹೇಳಿದಂತೆ ಸುಮ್ಮನಿದ್ದೆ. ನಿನ್ನೆಯವರೆಗೆ.

ನಿನ್ನೆ ಕಲಾಮಾದವರು ಮನೆತನದ ಸಭೆಗೆ ಬಂದಿದ್ದರು. ಮುಂದೆ ನಿಂತು ಮಾತಾಡಿದವಳು ಇನೆಬಾ. "ಹಿರಿಯರೇ, ದೇವರನ್ನೇ ಒಂಚೂರು ಆಚೆ ಸರಿಯಪ್ಪಾ ಅಂತ ನೀವು ಕೇಳ್ಕೊಳ್ಳಿ. ಏನು ಪೂಜೆ ಬೇಕೋ ನಾವೇ ಮಾಡ್ತೀವಿ" ಎಂದಳು. ಎಂಥ ಮರ್ಯಾದೆಯ ಮಾತು! ಅದಕ್ಕೆ ನಿನ್ನ ದೊಡ್ಡಪ್ಪ ಕೋಲು ಕುಟ್ಟಿ ಎದ್ದುನಿಂತು ಆಡಿದ ಮಾತನ್ನು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ. "ನಿಮ್ಮಜ್ಜೀನ ನಮ್ಮಜ್ಜ ಎರಡು ಪೀಪಾಯಿ ತಾಳೆಎಣ್ಣೆ ಕೊಟ್ಟು ಕೊಂಡ್ಕೊಂಡು ಬಂದಿದ್ದು. ಕೊಂಡ್ಕೊಂಡು ಬಂದವರ ಮಕ್ಕಳು ನೀವು, ನಮ್ಮ ದೇವರಿಗೆ ದಾರಿ ತೋರಿಸ್ತೀರಾ?"

ಈ ನೆಲದಲ್ಲಿ ಯಾರನ್ನೂ ಎಲ್ಲಿಂದ ತಂದದ್ದೆಂದು ಎತ್ತಿ ಆಡಬಾರದು. ಮನೆತನದ ಒಳಗೆ ಬಂದವರು ಮನೆತನದವರೇ. ನಿನ್ನ ಮುತ್ತಜ್ಜ ಜನರನ್ನು ಮಾರಿದರು, ಕೊಂಡರು, ಬಿಳಿಯನಿಗೆ ಪರರ ತೊರೆಯನ್ನು ತನ್ನದೆಂದು ಹೆಬ್ಬೆಟ್ಟು ಒತ್ತಿ ಬರೆದುಕೊಟ್ಟರು. ಆದರೆ ಆ ಮಾತನ್ನು ಅವರೂ ಆಡಿರಲಿಲ್ಲ. ಇನೆಬಾ ನನ್ನ ಕಡೆ ನೋಡಿದಳು. ನಾನು ಹೊಸ ಚೌಕುಳಿ ಬಟ್ಟೆ ಉಟ್ಟು ಹಿರಿಯ ಹೆಂಗಸಿನ ಪೀಠದಲ್ಲಿ ಕೂತಿದ್ದೆ. ಬಟ್ಟೆಯ ಅಂಚು ಸರಿಮಾಡಿಕೊಂಡೆ. ಅಷ್ಟೇ ನಾನು ಮಾಡಿದ್ದು. ಅವಳು ತಲೆ ತಗ್ಗಿಸಿ ಹೊರಟುಹೋದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನನ್ನದು ಬಟ್ಟೆಗೆ ಹೋಯಿತು. ಬರುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ: ಇನ್ನು ಸುಮ್ಮನಿರಲಾರೆ.

ದೇವರು ಮಿತಿಮೀರಿದರೆ ಅವನನ್ನು ಯಾವ ಮರದಿಂದ ಕಡೆದದ್ದು ಎಂದು ಅವನಿಗೇ ಹೇಳಿಬಿಡು ಎಂದು ನಮ್ಮ ಹಿರಿಯರು ಹೇಳುವುದನ್ನು ನೀನೂ ಕೇಳಿದ್ದೀಯೆ. ಮನುಷ್ಯರಿಗೆ ಅವರ ಮೂಲ ಹೇಳಿ ಅವಮಾನ ಮಾಡಿದ್ದಾಯಿತು. ನಾನು ದೇವರಿಗೆ ಹೇಳುತ್ತೇನೆ. ಮುಂದಿನ ತಿಂಗಳು ವಾರ್ಷಿಕ ಪೂಜೆಗೆ ನಿನ್ನ ಪ್ರೆಂಟಿಸ್ ಬರುತ್ತಾರಲ್ಲ, ಎಲ್ಲರ ಎದುರಿಗೇ.

ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ನೀನು ಬಾ ಎಂದು ಕೇಳುತ್ತಿದ್ದೇನೆ. ನನ್ನ ಸುಳ್ಳನ್ನು ಅಷ್ಟು ಚೆನ್ನಾಗಿ ಅವರ ಭಾಷೆಗೆ ಹಾಕಿದೆ. ಇದನ್ನೂ ಹಾಕು.

ಅಮ್ಮ

*

ಒಪುಕಿರಿ
೨೫ ಮಾರ್ಚ್ ೧೯೮೪

ಬೆಲೆಮಾ,

ನೀನು ಬರಲಿಲ್ಲ. ಜ್ವರವೆಂದು ಪ್ರೆಂಟಿಸ್ ಹೇಳಿದರಂತೆ. ಜ್ವರವೇ ಇರಲಿ ಎಂದು ಹಾರೈಸಿದ ತಾಯಿ ನಾನೊಬ್ಬಳೇ ಇರಬೇಕು.

ಹೊಸ ಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಶಂಖು ಹೆಕ್ಕುವಾಗ ಉಡುವ ಹಳೇ ಬಟ್ಟೆಯಲ್ಲೇ ಹೋದೆ. ಒರಳನ್ನೂ ಬೇಯಿಸಿದ ಗೆಣಸನ್ನೂ ದೋಣಿಯಲ್ಲಿ ಹಾಕಿಕೊಂಡಿದ್ದೆ. ಒಪುಕಿರಿಯವರೆಲ್ಲ ಇದ್ದರು. ಕಲಾಮಾದವರು ತಮ್ಮ ದೋಣಿಗಳಲ್ಲೇ ದೂರ ನಿಂತಿದ್ದರು. ನಾನು ಬಿಳಿ ಬಟ್ಟೆ ಬಿಚ್ಚಿ, ಪುಕ್ಕ ಕಿತ್ತು, ಎರಡೂ ಕೈಯಿಂದ ಎಳೆದೆ. ಮುದುಕಿಯ ಕೈಗೂ ಸಲೀಸಾಗಿ ಬಂತು. ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆ: "ಸೊಕುಬಾ, ನೀನು ದೇವರಲ್ಲ. ನೀನು ನಮ್ಮತ್ತೆ ಒನಕೆ. ನಿನಗೆ ಹೆಸರಿಟ್ಟೋಳು ನಾನು, ನನ್ನ ಕುಂಟು ಆಡಿನ ಹೆಸರು ಅದು. ನಿನ್ನ ಮೈಮೇಲಿನ ಸೀಳು ನನ್ನ ಮಗಳು ಮಾಡಿದ್ದು. ಬಟ್ಟೆ ಆಸೆಗೆ ನಿನ್ನ ಇಲ್ಲಿ ನಿಲ್ಲಿಸಿದೆ." ಹೇಳಿ, ಒರಳಿಗೆ ಗೆಣಸು ಹಾಕಿ ಅದರಿಂದಲೇ ಕುಟ್ಟಿದೆ.

ಪ್ರೆಂಟಿಸ್, "ಅವರು ಏನು ಹೇಳುತ್ತಿದ್ದಾರೆ?" ಎಂದು ಕೇಳಿದ್ದಿರಬೇಕು. ನಿನ್ನ ದೊಡ್ಡಪ್ಪ ತಮಗೆ ಬರುವ ಹರಕು ಮುರುಕು ಭಾಷೆಯಲ್ಲಿ ಏನೋ ಅಂದರು. ಬಿಳಿಯನ ಮುಖ ಅರಳಿತು. ನಾನು ಮಾಡುತ್ತಿರುವುದು ವರ್ಷಕ್ಕೊಮ್ಮೆ ದೇವರಿಗೆ ಉಣಿಸುವ ಶಾಸ್ತ್ರ ಎಂದರಂತೆ. ಅವನು ಕ್ಯಾಮೆರಾ ತೆಗೆದು ನಾನು ಕುಟ್ಟುವುದನ್ನು, ಅಳುವುದನ್ನು ಮತ್ತೆ ಮತ್ತೆ ಫೋಟೋ ಹಿಡಿದ. ಕೊನೆಗೆ ಬಂದು ನನ್ನ ಕೈ ಕುಲುಕಿ ಧನ್ಯವಾದ ಹೇಳಿದ.

ಅಲ್ಲಿದ್ದ ಪ್ರತಿಯೊಬ್ಬರಿಗೂ ಸತ್ಯ ಗೊತ್ತಾಯಿತು, ಗೊತ್ತಾಗಬೇಕಾದ ಒಬ್ಬನನ್ನು ಬಿಟ್ಟು. ಅವನಿಗೆ ಹೇಳಬಲ್ಲ ಬಾಯಿ ನಿನ್ನದೊಂದೇ.

ಇಬಿನಾಬೊ

*

ಪೋರ್ಟ್ ಹಾರ್ಕೋರ್ಟ್
೨೯ ಏಪ್ರಿಲ್ ೧೯೮೪

ಅಮ್ಮಾ,

ಜ್ವರ ಇರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಹದಿನೈದು ದಿನ ಅದನ್ನು ಚೀಲದಲ್ಲಿಟ್ಟುಕೊಂಡೇ ಕಚೇರಿಗೆ ಹೋದೆ, ಬಂದೆ. ಪ್ರೆಂಟಿಸ್ ನಿನ್ನ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಬಂದವರೆಲ್ಲ ಅದರ ಮುಂದೆ ನಿಂತು, "ಎಂಥ ಭಕ್ತಿ ನೋಡಿ" ಎನ್ನುತ್ತಿದ್ದರು. ಅಳುತ್ತಿದ್ದವಳು ನನ್ನ ತಾಯಿ. ಒಂದು ದಿನ ಅದರ ಕೆಳಗೆ ಕೂತು ಊಟದ ಡಬ್ಬಿ ಬಿಚ್ಚಿದೆ, ಮತ್ತೆ ಮುಚ್ಚಿದೆ. ಎದ್ದು ಅವರ ಕೋಣೆಗೆ ಹೋಗಿ ಹೇಳಿದೆ: ಅದು ಒನಕೆ, ನನ್ನ ತಾಯಿಯದು, ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿದರು. ಆ ಫೋಟೋ ಆಗಲೇ ಲಂಡನ್ನಿಗೆ ಹೋಗಿದೆ, ವಾರ್ಷಿಕ ವರದಿಯ ಮುಖಪುಟಕ್ಕೆ ಅಚ್ಚಾಗುತ್ತಿದೆ ಎಂದರು. "ಈ ಮಾತು ನೀನು ಆಡಿಲ್ಲ, ನಾನು ಕೇಳಿಲ್ಲ" ಎಂದರು. ಒಂದು ಸುಳ್ಳಿಗೆ ಇಷ್ಟು ಜನ ಕಾವಲು ಕೂತಿರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ, ಅಮ್ಮಾ.

ಕಲಾಮಾದವರು ಈಗ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದಾರೆ; ಅಲ್ಲಿಂದ ನೇರವಾಗಿ ಅವರ ವಕೀಲರ ಹತ್ತಿರ ಹೋಗಿ ಹೇಳಿಕೆ ಕೊಟ್ಟೆ. ವಿಚಾರಣೆ ಜೂನಿನಲ್ಲಿ. ಸಾಕ್ಷಿಕಟ್ಟೆ ಹತ್ತಿ ಎಲ್ಲರ ಎದುರಿಗೆ ಹೇಳಬೇಕು. ಕೆಲಸ ಅಂದೇ ಹೋಯಿತು. ಗೆಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲ. ಇಂಥ ಮೊಕದ್ದಮೆ ಮೊಮ್ಮಕ್ಕಳ ಕಾಲದವರೆಗೂ ಎಳೆಯುತ್ತದೆ ಎಂದು ವಕೀಲರೇ ಹೇಳಿದರು.

ಶನಿವಾರದ ಲಾಂಚಿಗೆ ಬರುತ್ತೇನೆ. ಇನೆಬಾ ಚಿಕ್ಕಮ್ಮನ ಮುಖ ಹೇಗೆ ನೋಡುವುದು ಎಂದು ಮಾತ್ರ ತಿಳಿಯುತ್ತಿಲ್ಲ. ನೀನು ಮಾತಾಡಿದೆಯಾ? ಏನಂದಳು?

ನಿನ್ನ ಮಗಳು,
ಬೆಲೆಮಾ

*

ಒಪುಕಿರಿ
೩ ಮೇ ೧೯೮೪

ಮಗಳೇ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ನೀನು ಹೊರಟಿದ್ದರೂ ಇರಲಿ. ಎದುರಿಗೆ ಹೇಳಲು ನನಗಾಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇನೆಬಾ ನಿನ್ನೆ ಬಂದಿದ್ದಳು. ಒಳಗೆ ಕರೆದೆ, ಹೊಸ್ತಿಲು ದಾಟಲಿಲ್ಲ. ಒನಕೆ ಬಾಗಿಲ ಪಕ್ಕ ಗೋಡೆಗೆ ಒರಗಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಸೀಳಿನ ಮೇಲೆ ಬೆರಳಾಡಿಸಿದಳು.

"ಇದಕ್ಕೇನೇ ನಾನು ನನ್ನ ಸೊಸೆ ಬಸಿರು ಬೇಡಿದ್ದು?" ಎಂದಳು.

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಬಟ್ಟೆಯ ಪೆಟ್ಟಿಗೆಯನ್ನು ತಂದು ಮುಂದಿಟ್ಟು, "ಎಲ್ಲಾ ತಗೊಂಡು ಹೋಗು, ಮಾರ್ಕೋ, ನೀರು ತರಿಸ್ಕೋ" ಎಂದೆ. ಮುಚ್ಚಳ ತೆಗೆದೂ ನೋಡಲಿಲ್ಲ.

"ನಿನ್ನ ಹೆಣದ ಬಟ್ಟೆ ನನಗ್ಯಾಕೆ? ನನ್ನ ಮೊಟ್ಟೆ ವಾಪಸ್ ಕೊಡು" ಎಂದಳು.

ನಾನು ಅಡುಗೆಮನೆಗೆ ಓಡಿ, ಇದ್ದ ಮೊಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿ, ಸಾಲದೆಂದು ಪಕ್ಕದ ಮನೆಯಿಂದಲೂ ಕೇಳಿ ತಂದು ಕೊಟ್ಟೆ. ಅವಳು ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಮತ್ತೆ ಬುಟ್ಟಿಯಲ್ಲೇ ಇಟ್ಟಳು.

"ಇವಲ್ಲ ಕಣೇ ಇಬಿನಾಬೊ. ನಾನು ಇಟ್ಟಿದ್ನಲ್ಲ, ಅವು ಬೇಕು."

ಅವಳು ದೋಣಿ ಹತ್ತಿ ಹೋದಳು. ಬುಟ್ಟಿ ಇನ್ನೂ ಹೊಸ್ತಿಲ ಮೇಲೇ ಇದೆ. ನೀನು ಬಂದಾಗ ನೋಡಿಕೊಂಡು ದಾಟು.

ಅಮ್ಮ